ಮಾರಾಟಕ್ಕೆ ಬಂದ ಸಿಂಥಸೈಜರ್ ಗಿಟಾರು

ಕ್ಯಾಸಿಯೊ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಕ್ಯಾಲ್ಕುಲೇಟರು, ಇಲ್ಲವೆ ಕೈಗಡಿಯಾರ. ಅದೇ ಜಪಾನೀ ಕಂಪನಿಯು ೧೯೮೦ರ ದಶಕದ ಕೊನೆಯಲ್ಲಿ ಪಿಜಿ-೩೮೦ ಎಂಬ ವಿದ್ಯುತ್ ಗಿಟಾರೊಂದನ್ನು ಹೊರತಂದಿತೆಂಬುದು ಹೆಚ್ಚು ಮಂದಿಗೆ ತಿಳಿದಿರಲಾರದು. ನೋಡುವುದಕ್ಕೆ ಅದು ಉಳಿದ ಗಿಟಾರುಗಳಂತೆಯೇ: ಮರದ ಒಡಲು, ಆರು ಲೋಹದ ತಂತಿಗಳು. ಆದರೆ ಆ ಒಡಲೊಳಗೆ ಒಂದು ಸಿಂಥಸೈಜರನ್ನೇ, ಎಂದರೆ ವಿದ್ಯುನ್ಮಂಡಲಗಳಿಂದಲೇ ನಾದವನ್ನು ಹುಟ್ಟಿಸುವ ಯಂತ್ರವನ್ನೇ, ಅಡಗಿಸಿದ್ದಾರೆ. ಮೀಟುವುದು ಗಿಟಾರಿನ ತಂತಿಯನ್ನು. ಕೇಳಿಬರುವುದು ಬೇರೊಂದು ವಾದ್ಯದ ದನಿ.

ಈ ಗಿಟಾರು ಈಗ ತಯಾರಾಗುತ್ತಿಲ್ಲ. ಹಳೆಯ ವಾದ್ಯಗಳ ಮಾರುಕಟ್ಟೆಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಕಾಣಿಸಿಕೊಳ್ಳುವುದುಂಟು. "ಅಪರೂಪದ್ದು, ಎಲ್ಲವೂ ಸರಿಯಾಗಿದೆ" ಎಂದು ಬರೆದು ಮಾರುವವನು ಕೈತೊಳೆದುಕೊಳ್ಳಬಹುದು. ಆದರೆ ಇಂಥ ಯಂತ್ರದಲ್ಲಿ "ಸರಿಯಾಗಿದೆ" ಎಂಬ ಮಾತು ಅಷ್ಟು ಸರಳವಲ್ಲ. ಯಂತ್ರದ ಸ್ವಭಾವ ಯಾವುದು, ಯಂತ್ರದ ರೋಗ ಯಾವುದು ಎಂಬುದನ್ನು ತಿಳಿಯದಿದ್ದರೆ ಕೊಳ್ಳುವವನು ಸ್ವಭಾವವನ್ನು ಕಂಡು ಹಿಂದಿರುಗಿಸಿಯಾನು, ರೋಗವನ್ನು ಕಾಣದೆ ಹಣ ತೆತ್ತಾನು.

ಮೊದಲು ಸ್ವಭಾವವನ್ನು ನೋಡೋಣ. ಗಿಟಾರಿನ ಸೇತುವೆಯ ಬಳಿ ಪ್ರತಿಯೊಂದು ತಂತಿಯ ಕೆಳಗೂ ಬೇರೆಬೇರೆಯಾಗಿ ಒಂದೊಂದು ಪುಟ್ಟ ಗ್ರಾಹಕವಿದೆ. ತಂತಿ ಕಂಪಿಸಿದರೆ ಅಯಸ್ಕಾಂತ ಕ್ಷೇತ್ರವು ಕದಲಿ, ಸುರುಳಿಯಲ್ಲಿ ಅದೇ ಲಯದ ವಿದ್ಯುತ್ತು ಹುಟ್ಟುತ್ತದೆ. ಇದು ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ವಿದ್ಯುತ್‌ಕಾಂತ ಪ್ರೇರಣೆ. ಪಠ್ಯಪುಸ್ತಕದಲ್ಲಿ ನಾವೆಲ್ಲರೂ ಓದಿದ್ದೇ. ಆ ವಿದ್ಯುತ್ತಿನ ಒಂದು ಅಲೆಗೆ ಎಷ್ಟು ಕಾಲ ಹಿಡಿಯಿತೆಂದು ಯಂತ್ರವು ಅಳೆದು, ಸ್ವರವನ್ನು ಗುರುತಿಸಿ, ಅದೇ ಸ್ವರವನ್ನು ತನ್ನ ದನಿಯಲ್ಲಿ ನುಡಿಸುತ್ತದೆ.

ತೊಡಕಿರುವುದು ಇಲ್ಲಿಯೇ. ಅಲೆ ಮುಗಿಯುವ ಮೊದಲು ಅದನ್ನು ಅಳೆಯುವಂತಿಲ್ಲ. ಗಿಟಾರಿನ ಅತಿ ದಪ್ಪ ತಂತಿಯು ಸೆಕೆಂಡಿಗೆ ಸುಮಾರು ೮೨ ಬಾರಿ ಕಂಪಿಸುತ್ತದೆ. ಒಂದು ಕಂಪನಕ್ಕೆ ೧೨ ಮಿಲಿಸೆಕೆಂಡು. ತಪ್ಪದಿರಲೆಂದು ಎರಡು ಕಂಪನಗಳನ್ನು ನೋಡುವುದಾದರೆ ೨೪ ಮಿಲಿಸೆಕೆಂಡು ಕಳೆದಿರುತ್ತದೆ. ಶಬ್ದವು ಆ ವೇಳೆಗೆ ಗಾಳಿಯಲ್ಲಿ ಎಂಟು ಮೀಟರಿಗಿಂತ ಹೆಚ್ಚು ದೂರ ಸಾಗೀತು. ಎಂದರೆ, ವಾದಕನು ತನ್ನ ವಾದ್ಯವನ್ನು ಕೋಣೆಯ ಆಚೆಯ ಮೂಲೆಯಿಂದ ಕೇಳಿದಂತೆ! ಅತಿ ಸಣ್ಣ ತಂತಿಯಲ್ಲಾದರೋ ಈ ತಡ ಆರೇ ಮಿಲಿಸೆಕೆಂಡು. ದಪ್ಪ ತಂತಿ ತಡವಾಗಿಯೂ ಸಣ್ಣ ತಂತಿ ಬೇಗನೆಯೂ ಉತ್ತರ ಕೊಟ್ಟರೆ ಅದು ಕೆಟ್ಟುಹೋದ ಗಿಟಾರಲ್ಲ. ಪ್ರಾಮಾಣಿಕ ಮಾರಾಟಗಾರನು ಇದನ್ನು ಮೊದಲೇ ಹೇಳಿಬಿಡಬೇಕೆಂದು ನಮ್ಮ ಮತ.

ತಂತಿಯಲ್ಲಿ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ವೇಗದ ಕಂಪನಗಳೂ ಬೆರೆತಿರುತ್ತವೆ. ಎರಡರಷ್ಟಿನದು ಪ್ರಬಲವಾದಾಗ ಯಂತ್ರವು ಮೋಸಹೋಗಿ ಒಂದು ಸ್ಥಾಯಿ ಮೇಲಕ್ಕೆ ಜಿಗಿಯುವುದುಂಟು. ಒರಟಾಗಿ ಮೀಟಿದಾಗ ಎಲ್ಲೋ ಒಮ್ಮೆ ಹೀಗಾದರೆ ಸಹಜ. ಒಂದೇ ತಂತಿಯಲ್ಲಿ ಪದೇ ಪದೇ ಆದರೆ ತಂತಿ ಮೆಟ್ಟಿಲಿಗೆ ತಗುಲುತ್ತಿರಬಹುದು, ಇಲ್ಲವೆ ಗ್ರಾಹಕದ ಎತ್ತರ ಸರಿಯಿಲ್ಲದಿರಬಹುದು. ಇವೆರಡೂ ರಿಪೇರಿಗೆ ಬಗ್ಗುತ್ತವೆ.

ನಿಜವಾದ ರೋಗವು ಒಳಗಿನದು. ಆ ಕಾಲದ ವಿದ್ಯುನ್ಮಾನ ಯಂತ್ರಗಳಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಮುಪ್ಪಿನಲ್ಲಿ ಒಣಗುತ್ತವೆ ಇಲ್ಲವೆ ಸೋರುತ್ತವೆ. ಸೋರಿದ ದ್ರವವು ಫಲಕದ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಕೆಪಾಸಿಟರು ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕೀತು. ಈ ಗಿಟಾರಿಗೆಂದೇ ಮಾಡಿದ ಭಾಗ ಸತ್ತರೆ ಮಾತ್ರ ಇನ್ನೊಂದು ಸತ್ತ ಗಿಟಾರಿನಿಂದ ಕಿತ್ತು ತರಬೇಕು. ಆದುದರಿಂದಲೇ ಆರು ತಂತಿಗಳನ್ನೂ ಒಂದೊಂದಾಗಿ, ಸಿಂಥಸೈಜರಿನ ದನಿಯಲ್ಲಿ ನುಡಿಸಿ ತೋರಿಸಬೇಕೆನ್ನುವುದು. ಸಾಮಾನ್ಯ ಗಿಟಾರಿನ ದನಿಯನ್ನಷ್ಟೇ ಕೇಳಿಸಿ ಮಾರಿದರೆ ಅರ್ಧ ಯಂತ್ರವನ್ನು ಮುಚ್ಚಿಟ್ಟಂತೆ. ಹೆಚ್ಚಿನ ದನಿಗಳನ್ನು ತುಂಬಲು ಒಂದು ಕಾರ್ಡಿನ ಸೀಳೂ ಇದೆ. ಕಾರ್ಡು ಜೊತೆಯಲ್ಲಿದೆಯೋ ಇಲ್ಲವೋ ಹೇಳಬೇಕು. ೧೯೮೩ರಲ್ಲಿ ರೂಢಿಗೆ ಬಂದ ಮಿಡಿ ಪದ್ಧತಿಯ ಕಿಂಡಿಯನ್ನೂ ಇನ್ನೊಂದು ವಾದ್ಯಕ್ಕೆ ಜೋಡಿಸಿ ಪರೀಕ್ಷಿಸಬೇಕು.

ಇಂಥ ಗಿಟಾರುಗಳು ಏಕೆ ಅಪರೂಪವಾದುವು? ವಾದಕರು ಈ ತಡವನ್ನು ಸಹಿಸಲಿಲ್ಲವೆಂಬುದು ಒಂದು ಮುಖ್ಯ ಕಾರಣ. ಅಮೆರಿಕದ ಎಆರ್‌ಪಿ ಕಂಪನಿಯು ೧೯೭೭ರಲ್ಲಿ ಅವತಾರ್ ಎಂಬ (ನಮ್ಮದೇ ಹೆಸರು!) ಗಿಟಾರ್ ಸಿಂಥಸೈಜರನ್ನು ತಂದು ನಷ್ಟಪಟ್ಟಿತು, ೧೯೮೧ರಲ್ಲಿ ಕಂಪನಿಯೇ ಮುಚ್ಚಿತು. ಅದೇ ೧೯೭೭ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯು ಜಿಆರ್-೫೦೦ನ್ನೂ ೧೯೮೦ರಲ್ಲಿ ಜಿಆರ್-೩೦೦ನ್ನೂ ತಂದಿತು. ಈ ಎರಡನೆಯದು ಪ್ಯಾಟ್ ಮೆಥೀನಿಯವರ ವಾದನದಿಂದ ಹೆಸರಾಯಿತು. ಆದರೆ ಅವುಗಳಲ್ಲಿ ಸಿಂಥಸೈಜರು ಬೇರೆ ಪೆಟ್ಟಿಗೆಯಲ್ಲಿದೆ. ೨೪ ಸೂಜಿಗಳ ಕೇಬಲ್ಲಿನಿಂದ ಗಿಟಾರಿಗೆ ಜೋಡಣೆ. ಗಿಟಾರನ್ನು ಒಬ್ಬನಿಗೂ ಪೆಟ್ಟಿಗೆಯನ್ನು ಇನ್ನೊಬ್ಬನಿಗೂ ಮಾರಿದರೆ ಇಬ್ಬರಿಗೂ ಸಿಕ್ಕುವುದು ಅರೆವಾದ್ಯವೇ.

ಕ್ಯಾಸಿಯೊ ಕಂಪನಿಯದೇ ಡಿಜಿ-೨೦ ಎಂಬ ಇನ್ನೊಂದು ಗಿಟಾರಿದೆ. ಅದರ ತಂತಿಗಳು ಲೋಹದವಲ್ಲ. ಕಂಪನವನ್ನು ಅದು ಅಳೆಯುವುದೇ ಇಲ್ಲ. ಬೆರಳು ಎಲ್ಲಿ ಒತ್ತಿದೆಯೆಂಬುದನ್ನು ಹಲಗೆಯ ಕೆಳಗಿನ ಸಂಪರ್ಕಗಳಿಂದ ತಿಳಿಯುತ್ತದೆ. ಹೀಗೆ ಅಳತೆಯ ತಡ ತಪ್ಪಿತು, ತಂತಿಯನ್ನು ಎಳೆದು ಸ್ವರವನ್ನು ಬಳುಕಿಸುವ ಸೊಗಸೂ ಹೋಯಿತು. ಬರಿದೆ "ಕ್ಯಾಸಿಯೊ ಸಿಂಥಸೈಜರ್ ಗಿಟಾರು" ಎಂದು ಬರೆದರೆ ಇವೆರಡರಲ್ಲಿ ಯಾವುದೆಂದು ಕೊಳ್ಳುವವನಿಗೆ ತಿಳಿಯದು. ಮಾದರಿಯ ಸಂಖ್ಯೆಯನ್ನು ಮೊದಲ ಸಾಲಿನಲ್ಲಿಯೇ ಬರೆಯುವುದು ಲೇಸು.