ಸಣ್ಣ ಕಾಲೇಜಿಗೆ ಫುಟ್ಬಾಲ್ ತಂಡ ಬೇಕೇ?

ಅಮೆರಿಕದ ಕಾಲೇಜು ಎಂದೊಡನೆ ನಮಗೆ ನೆನಪಾಗುವುದು ಹಾರ್ವರ್ಡ್, ಯೇಲ್ ಮುಂತಾದ ದೊಡ್ಡ ಹೆಸರುಗಳು. ಆದರೆ ಆ ದೇಶದಲ್ಲಿ ಸಾವಿರ, ಎರಡು ಸಾವಿರ ವಿದ್ಯಾರ್ಥಿಗಳಷ್ಟೇ ಇರುವ ಸಣ್ಣ ಖಾಸಗಿ ಕಾಲೇಜುಗಳು ನೂರಾರು ಇವೆ. ಅವುಗಳಲ್ಲಿ ಬಹಳಷ್ಟನ್ನು ಕ್ರೈಸ್ತ ಸಭೆಗಳು ಸ್ಥಾಪಿಸಿವೆ. ಕಥೋಲಿಕ ಧರ್ಮಭಗಿನಿಯರೂ ಸನ್ಯಾಸಿಗಳೂ ಹೊಟ್ಟೆಬಟ್ಟೆ ಕಟ್ಟಿ ಬೆಳೆಸಿದ ಕಾಲೇಜುಗಳೂ ಇವೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಇಂಥ ಅನೇಕ ಕಾಲೇಜುಗಳ ಆಡಳಿತ ಮಂಡಳಿಗಳ ಮುಂದೆ ಒಂದು ಪ್ರಶ್ನೆ ಬಂದಿದೆ: ನಾವೂ ಒಂದು ಫುಟ್ಬಾಲ್ ತಂಡವನ್ನು ಆರಂಭಿಸಬೇಕೇ?

ಹೊರಗಿನಿಂದ ನೋಡಿದರೆ ಇದು ಆಟದ ಪ್ರಶ್ನೆ. ಒಳಹೊಕ್ಕು ನೋಡಿದರೆ ಇದು ಸಂಸ್ಥೆಯ ಅಳಿವು ಉಳಿವಿನ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ, ವಿದ್ಯಾರ್ಥಿಯನ್ನು ನಾವು ಏಕೆ ಸೇರಿಸಿಕೊಳ್ಳುತ್ತೇವೆ ಎಂಬ ಪ್ರಶ್ನೆ. ಆದ್ದರಿಂದಲೇ ಸ್ವಲ್ಪ ವಿವರವಾಗಿ ತಿಳಿಯೋಣ.

ಇದು ಯಾವ ಫುಟ್ಬಾಲ್?

ನಮ್ಮ ಮೈದಾನಗಳಲ್ಲಿ ಮಕ್ಕಳು ಕಾಲಿನಿಂದ ಒದೆಯುವ ಆಟ ಇದಲ್ಲ. ಅದನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಅವರ ಫುಟ್ಬಾಲಿನಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎದುರಾಳಿಗಳು ಮೈಮೇಲೆ ಬಿದ್ದು ತಡೆಯುತ್ತಾರೆ. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಕವಚ ಬೇಕು. ಒಂದು ಹೊತ್ತಿಗೆ ಮೈದಾನದಲ್ಲಿ ಇರುವವರು 11 ಮಂದಿಯೇ ಆದರೂ ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು, ಚೆಂಡನ್ನು ಒದೆಯುವ ಸಂದರ್ಭಗಳಿಗೆ ಮತ್ತೊಂದು ಎಂದು ಬೇರೆ ಬೇರೆ ಆಟಗಾರರು ಬೇಕಾಗುತ್ತಾರೆ. ಗಾಯಗೊಂಡವರ ಬದಲಿಗೆ ಆಡುವವರೂ ಸೇರಿ ಒಂದು ಕಾಲೇಜು ತಂಡದಲ್ಲಿ ಸಾಮಾನ್ಯವಾಗಿ ನೂರರ ಆಸುಪಾಸು ಹುಡುಗರು ಇರುತ್ತಾರೆ. ಈ ‘ನೂರು’ ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಇಡೀ ಲೆಕ್ಕ ನಿಂತಿರುವುದು ಅದರ ಮೇಲೆಯೇ.

ಲೆಕ್ಕ ಹೇಗೆ?

ಅಮೆರಿಕದಲ್ಲಿ 2007ರಲ್ಲಿ 43 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು. ನಂತರದ ವರ್ಷಗಳಲ್ಲಿ ಜನನ ಸಂಖ್ಯೆ ಇಳಿಯತೊಡಗಿತು. ಆ ಮಕ್ಕಳು 18 ತುಂಬಿ ಕಾಲೇಜಿಗೆ ಬರುವ ಹೊತ್ತು ಈಗ ಬಂದಿದೆ. ಮುಂದೆ ಬರುವವರ ಸಂಖ್ಯೆ ಕಡಿಮೆಯಾಗುತ್ತಲೇ ಹೋಗುತ್ತದೆ. ಅಲ್ಲದೆ ಪದವಿ ತರಗತಿಗಳಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ದೊಡ್ಡ ದತ್ತಿನಿಧಿ ಇಲ್ಲದ ಸಣ್ಣ ಕಾಲೇಜು ಬದುಕುವುದು ವಿದ್ಯಾರ್ಥಿಗಳ ಶುಲ್ಕದಿಂದ. ಹಾಸ್ಟೆಲ್‌ನಲ್ಲಿ ಹಾಸಿಗೆಗಳು ಖಾಲಿ ಬಿದ್ದರೆ ಸಂಬಳ ಕೊಡುವುದೇ ಕಷ್ಟವಾಗುತ್ತದೆ.

ಇಂಥ ಹೊತ್ತಿನಲ್ಲಿ ಯಾರೋ ಸಲಹೆ ಕೊಡುತ್ತಾರೆ: ಫುಟ್ಬಾಲ್ ಆರಂಭಿಸಿ, ಒಂದೇ ಸಲಕ್ಕೆ ನೂರು ಹುಡುಗರು ಬರುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಹೈಸ್ಕೂಲಿನಲ್ಲಿ ಆಡಿದ ಹುಡುಗನಿಗೆ ಇನ್ನೂ ನಾಲ್ಕು ವರ್ಷ ಆಡುವ ಆಸೆ. ದೊಡ್ಡ ವಿಶ್ವವಿದ್ಯಾಲಯ ಅವನನ್ನು ಕರೆಯುವುದಿಲ್ಲ. ಸಣ್ಣ ಕಾಲೇಜು ಕರೆದರೆ ಅವನು ಶುಲ್ಕ ಕಟ್ಟಿ ಬರುತ್ತಾನೆ. ಅಲ್ಲಿನ ಕಾಲೇಜು ಕ್ರೀಡೆಯ ಮೂರನೇ ವಿಭಾಗದಲ್ಲಿ ಆಡುವ ಕಾಲೇಜುಗಳು ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾವ ಕಾಲೇಜಿನ ಲೆಕ್ಕವೂ ಅಲ್ಲ, ತಿಳಿವಳಿಕೆಗಾಗಿ ನಾವೇ ಹಾಕಿದ್ದು. ಖಾಸಗಿ ಕಾಲೇಜುಗಳು ಹೊಸದಾಗಿ ಸೇರುವವರಿಗೆ ಬೋಧನಾ ಶುಲ್ಕದಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ ಕೊಡುತ್ತವೆ. ಅದೆಲ್ಲ ಕಳೆದು ಒಬ್ಬನಿಂದ ವರ್ಷಕ್ಕೆ 20,000 ಡಾಲರ್ ಬರುತ್ತದೆ ಎನ್ನೋಣ. ನೂರು ಮಂದಿಯಿಂದ 20 ಲಕ್ಷ ಡಾಲರ್! ಆದರೆ ಅವರಲ್ಲಿ 20 ಮಂದಿ ಫುಟ್ಬಾಲ್ ಇಲ್ಲದಿದ್ದರೂ ಅದೇ ಕಾಲೇಜಿಗೆ ಬರುತ್ತಿದ್ದವರು. ಅಂದರೆ ಹೊಸ ಆದಾಯ 16 ಲಕ್ಷ. ಕೋಚ್‌ಗಳ ಸಂಬಳ, ಕವಚ, ಪ್ರಯಾಣ, ವಿಮೆ, ಗಾಯ ನೋಡಿಕೊಳ್ಳುವ ಸಿಬ್ಬಂದಿ ಎಲ್ಲ ಸೇರಿ ಖರ್ಚು 10 ಲಕ್ಷ. ಉಳಿತಾಯ 6 ಲಕ್ಷ. ಇನ್ನು ಆಡಲು ಅವಕಾಶ ಸಿಗದೆ ಬೇಸತ್ತು 30 ಹುಡುಗರು ಕಾಲೇಜು ಬಿಟ್ಟು ಹೋದರೆ? ಆದಾಯ 10 ಲಕ್ಷಕ್ಕೆ ಇಳಿಯಿತು, ಉಳಿತಾಯ ಸೊನ್ನೆ. ಮೈದಾನ ಕಟ್ಟಲು ಮಾಡಿದ ಸಾಲ ಮಾತ್ರ ಹಾಗೆಯೇ ನಿಂತಿರುತ್ತದೆ.

ಅಂದರೆ ಹುಡುಗರು ಬರುವುದರಿಂದ ಕಾಲೇಜು ಉಳಿಯುವುದಿಲ್ಲ. ಬಂದವರು ನಿಂತು ಪದವಿ ಪಡೆದರೆ ಮಾತ್ರ ಉಳಿಯುತ್ತದೆ.

ಒಂದೇ ವರ್ಷ, ಮೂರು ಕಾಲೇಜುಗಳು

2007ರಲ್ಲಿ ಅಮೆರಿಕದ ಮೂರು ಸಣ್ಣ ಕಾಲೇಜುಗಳು ಫುಟ್ಬಾಲ್ ಮೈದಾನಕ್ಕೆ ಇಳಿದವು. ಮೊದಲನೆಯದು ಇಂಡಿಯಾನಾಪೊಲಿಸ್ ನಗರದ ಮರಿಯನ್. ಓಲ್ಡೆನ್‌ಬರ್ಗ್‌ನ ಫ್ರಾನ್ಸಿಸ್ಕನ್ ಧರ್ಮಭಗಿನಿಯರು ಸ್ಥಾಪಿಸಿದ ಕಾಲೇಜು ಅದು. ಐದು ವರ್ಷ ಕಳೆಯುವಷ್ಟರಲ್ಲಿ, 2012ರಲ್ಲಿ, ತನ್ನ ಮಟ್ಟದ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2015ರಲ್ಲಿ ಮತ್ತೊಮ್ಮೆ ಗೆದ್ದಿತು. ಆದರೆ ಅಲ್ಲಿ ನಡೆದದ್ದು ಆಟವೊಂದೇ ಅಲ್ಲ. ಅದೇ ಅವಧಿಯಲ್ಲಿ ಕಾಲೇಜು ವಿಶ್ವವಿದ್ಯಾಲಯವಾಯಿತು. 2013ರಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆಯಿತು.

ಎರಡನೆಯದು ಪೆನ್ಸಿಲ್ವೇನಿಯಾದ ಲಾಟ್ರೋಬ್‌ನಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳು 1846ರಲ್ಲಿ ಸ್ಥಾಪಿಸಿದ ಸೇಂಟ್ ವಿನ್ಸೆಂಟ್ ಕಾಲೇಜು. 1962ರ ನಂತರ ನಿಂತುಹೋಗಿದ್ದ ಫುಟ್ಬಾಲನ್ನು ಅದು 2007ರಲ್ಲಿ ಮತ್ತೆ ಆರಂಭಿಸಿತು. ಆಡುತ್ತಿರುವುದು ಮೂರನೇ ವಿಭಾಗದಲ್ಲಿ, ಕ್ರೀಡಾ ವಿದ್ಯಾರ್ಥಿವೇತನವಿಲ್ಲದೆ.

ಮೂರನೆಯದು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್-ಸದರ್ನ್. ಮೆಥಡಿಸ್ಟ್ ಸಭೆಗೆ ಸೇರಿದ ಈ ಕಾಲೇಜಿನ ಮೂಲ 1856ರಷ್ಟು ಹಿಂದಿನದು. ಒಂದನೇ ವಿಭಾಗದ ಕ್ರೀಡಾ ವೆಚ್ಚ ತಾಳಲಾರದೆ ಅದು ಮೂರನೇ ವಿಭಾಗಕ್ಕೆ ಇಳಿದು, ಹಿಂದೆಂದೋ ಬಿಟ್ಟಿದ್ದ ಫುಟ್ಬಾಲನ್ನು ಮತ್ತೆ ಕೈಗೆತ್ತಿಕೊಂಡಿತು. ಆದರೆ ಕಟ್ಟಡಗಳ ಸಾಲ, ಕರಗಿದ ದತ್ತಿನಿಧಿ, ಲೆಕ್ಕಪತ್ರದ ತಪ್ಪುಗಳು ಅದನ್ನು ಬಿಡಲಿಲ್ಲ. ರಾಜ್ಯ ಸರ್ಕಾರದಿಂದ ಕೇಳಿದ 3 ಕೋಟಿ ಡಾಲರ್ ಸಾಲ ಸಿಗಲಿಲ್ಲ. 2024ರ ಮೇ 31ರಂದು ಕಾಲೇಜು ಮುಚ್ಚಿತು. ಆ ದಿನ ಅದರ ಬೇಸ್‌ಬಾಲ್ ತಂಡ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡುತ್ತಿತ್ತು. ಅಂಗಳದಲ್ಲಿ ತಂಡವಿತ್ತು, ಹಿಂದಿರುಗಲು ಕಾಲೇಜು ಇರಲಿಲ್ಲ.

ಆಟ ಒಂದೇ, ಆರಂಭಿಸಿದ ವರ್ಷವೂ ಒಂದೇ. ಫಲ ಮಾತ್ರ ಬೇರೆ ಬೇರೆ.

ಒಂದೇ ಊರಿನ ಪಾಠ

ಮಿಶಿಗನ್ ರಾಜ್ಯದಲ್ಲಿ ಏಡ್ರಿಯನ್ ಎಂಬ ಸಣ್ಣ ಊರಿದೆ. ಅಲ್ಲಿನ ಏಡ್ರಿಯನ್ ಕಾಲೇಜು 2005ರ ನಂತರ ಕ್ರೀಡೆಯನ್ನೇ ಪ್ರವೇಶಾತಿಯ ಬಾಗಿಲಾಗಿ ಮಾಡಿಕೊಂಡಿತು. ಫುಟ್ಬಾಲ್ ಮೊದಲೇ ಇತ್ತು. ಐಸ್ ಹಾಕಿ ಮುಂತಾದ ಹೊಸ ತಂಡಗಳನ್ನು ಸೇರಿಸಿ, ಇಂತಿಷ್ಟು ವಿದ್ಯಾರ್ಥಿಗಳನ್ನು ಕರೆತರಬೇಕೆಂದು ಪ್ರತಿಯೊಬ್ಬ ಕೋಚ್‌ಗೂ ಗುರಿ ನಿಗದಿಪಡಿಸಿತು. ಕೆಲವೇ ವರ್ಷಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ಇಮ್ಮಡಿಯಾಯಿತು. ಇದನ್ನು ನೋಡಿ ಇತರ ಕಾಲೇಜುಗಳೂ ಅದೇ ಹಾದಿ ಹಿಡಿದವು.

ಅದೇ ಊರಿನಲ್ಲಿ ಡೊಮಿನಿಕನ್ ಧರ್ಮಭಗಿನಿಯರು 1919ರಲ್ಲಿ ಸ್ಥಾಪಿಸಿದ ಸಿಯೆನಾ ಹೈಟ್ಸ್ ಕೂಡ 2010ರ ದಶಕದ ಆರಂಭದಲ್ಲಿ ಫುಟ್ಬಾಲ್ ತಂಡ ಕಟ್ಟಿತು. 2025ರ ಮಧ್ಯಭಾಗದಲ್ಲಿ ಅದರ ಆಡಳಿತವು ಸಂಸ್ಥೆಯನ್ನು 2025–26ರ ಶೈಕ್ಷಣಿಕ ವರ್ಷದ ಕೊನೆಗೆ ಮುಚ್ಚುವುದಾಗಿ ಪ್ರಕಟಿಸಿತು. ನೂರು ವರ್ಷಗಳ ಸೇವೆಯ ಬಾಗಿಲು ಮುಚ್ಚುವ ಸುದ್ದಿ ಓದಿದಾಗ, ಸಂಸ್ಥೆಗಳನ್ನು ನಡೆಸುವ ಯಾರಿಗಾದರೂ ಮನಸ್ಸು ಭಾರವಾಗದಿರದು. ಫುಟ್ಬಾಲ್ ಅದನ್ನು ಮುಚ್ಚಿಸಿತು ಎಂದು ನಾವು ಹೇಳುವುದಿಲ್ಲ. ಉಳಿಸಲಿಲ್ಲ ಎಂಬುದಷ್ಟೇ ಸತ್ಯ.

ಸಂಶೋಧಕರೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತಾರೆ. ಫುಟ್ಬಾಲ್ ಆರಂಭಿಸಿದ ಕಾಲೇಜುಗಳನ್ನು ಆರಂಭಿಸದ ಅಂಥದೇ ಕಾಲೇಜುಗಳೊಂದಿಗೆ ಹೋಲಿಸಿ ಜಾರ್ಜಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲಿಗೆ ಪ್ರವೇಶಾತಿ ಏರುತ್ತದೆ, ಆದರೆ ಆ ಏರಿಕೆ ಉಳಿಯುವುದಿಲ್ಲ ಎಂಬುದು ಅದರ ಸಾರ.

ಲೆಕ್ಕಪುಸ್ತಕದಲ್ಲಿ ಬರೆಯದ ಬೆಲೆ

ಹಣದ ಮಾತು ಇಷ್ಟಾಯಿತು. ಇನ್ನು ದೇಹದ ಮಾತು. 1905ರಲ್ಲಿ ಒಂದೇ ಹಂಗಾಮಿನಲ್ಲಿ ಈ ಆಟದಲ್ಲಿ ಹದಿನೆಂಟರಷ್ಟು ಯುವಕರು ಸತ್ತಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸ್ವತಃ ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿದರು. 1906ರಲ್ಲಿ ನಿಯಮಗಳು ಬದಲಾದವು. ಇಂದು ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಘಟನೆ ಹುಟ್ಟಿದ್ದೂ ಆಗಲೇ.

ಈಗ ಸಾವು ಅಪರೂಪ. ಆದರೆ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ವರ್ಷಗಳ ನಂತರ ಮೆದುಳನ್ನು ಕೆಡಿಸಬಲ್ಲದು ಎಂದು ವೈದ್ಯರು ಕಂಡುಕೊಂಡಿದ್ದಾರೆ. 2017ರಲ್ಲಿ ಬೋಸ್ಟನ್‌ನ ಸಂಶೋಧಕರು, ಮರಣಾನಂತರ ದಾನವಾಗಿ ಬಂದ ಆಟಗಾರರ ಮೆದುಳುಗಳ ಪರೀಕ್ಷೆಯ ವರದಿ ಪ್ರಕಟಿಸಿದರು. ಕಾಲೇಜು ಮಟ್ಟದವರೆಗೆ ಆಡಿದ್ದ 53 ಮಂದಿಯಲ್ಲಿ 48 ಮಂದಿಯ ಮೆದುಳಿನಲ್ಲಿ ಆ ರೋಗದ ಗುರುತು ಇತ್ತು. ಸಂಶಯವಿದ್ದ ಕುಟುಂಬಗಳೇ ಹೆಚ್ಚಾಗಿ ದಾನ ಮಾಡುವುದರಿಂದ ಆಡಿದ ಎಲ್ಲರಿಗೂ ಹೀಗಾಗುತ್ತದೆ ಎಂದು ತಿಳಿಯಬಾರದು. ಆದರೂ ಬಜೆಟ್ ಸರಿದೂಗಿಸಲು ಹುಡುಗರನ್ನು ಕರೆಯುವ ಮಂಡಳಿ ಈ ಸಂಖ್ಯೆಯನ್ನು ಓದದೆ ಸಹಿ ಹಾಕಬಾರದು.

ಹೆಣ್ಣುಮಕ್ಕಳ ಪಾಲನ್ನೂ ಮರೆಯುವಂತಿಲ್ಲ. ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆ ಲಿಂಗಭೇದ ಮಾಡಬಾರದು ಎಂದು 1972ರ ಅಮೆರಿಕನ್ ಕಾನೂನು ಹೇಳುತ್ತದೆ. ಅದು ಕ್ರೀಡೆಗೂ ಅನ್ವಯಿಸುತ್ತದೆ. ನೂರು ಹುಡುಗರಿಗೆ ಅವಕಾಶ ತೆರೆದ ಕಾಲೇಜು, ಹುಡುಗಿಯರಿಗೂ ತಕ್ಕ ಅವಕಾಶ ಒದಗಿಸಬೇಕು. ಆ ಖರ್ಚು ಮೊದಲ ಸಭೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಬೇಡ ಎಂದವರು

ಬೇಡ ಎನ್ನುವುದೂ ಸಾಧ್ಯ. ಶಿಕಾಗೊ ವಿಶ್ವವಿದ್ಯಾಲಯ ಸಣ್ಣದಲ್ಲ, ಫುಟ್ಬಾಲಿನಲ್ಲಿ ಹೆಸರು ಮಾಡಿದ್ದ ಸಂಸ್ಥೆ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 1935ರಲ್ಲಿ ಮೊದಲು ಪಡೆದವನು ಅಲ್ಲಿನ ಜೇ ಬರ್ವ್ಯಾಂಗರ್. ನಾಲ್ಕೇ ವರ್ಷಗಳ ನಂತರ, 1939ರಲ್ಲಿ, ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಕಾಲದಲ್ಲಿ ವಿಶ್ವವಿದ್ಯಾಲಯ ಫುಟ್ಬಾಲನ್ನೇ ಕೈಬಿಟ್ಟಿತು. 1942ರಲ್ಲಿ ಅದೇ ಮೈದಾನದ ಗ್ಯಾಲರಿಯ ಕೆಳಗೆ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆಯನ್ನು ಸಾಧಿಸಿದರು. 1969ರಲ್ಲಿ ಅಲ್ಲಿ ಫುಟ್ಬಾಲ್ ಮತ್ತೆ ಬಂತು; ಈಗ ಮೂರನೇ ವಿಭಾಗದಲ್ಲಿ ಆಡುತ್ತದೆ. ಆಟ ನಿಂತಾಗ ವಿಶ್ವವಿದ್ಯಾಲಯ ಕುಗ್ಗಲಿಲ್ಲ. ಆಟ ಮರಳಿದಾಗ ಅದು ತನ್ನ ದಾರಿ ತಪ್ಪಲೂ ಇಲ್ಲ.

ಕೇಳಬೇಕಾದ ಮೂರು ಪ್ರಶ್ನೆಗಳು

ಹಾಗಾದರೆ ಸಣ್ಣ ಕಾಲೇಜು ಫುಟ್ಬಾಲ್ ಆರಂಭಿಸಬೇಕೇ, ಬೇಡವೇ? ಆಟವನ್ನು ನಾವು ಹಳಿಯುವುದಿಲ್ಲ. ತಮ್ಮ ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ ಎಷ್ಟೋ ಹುಡುಗರು ಅಲ್ಲಿ ಚೆಂಡಿನ ನೆಪದಲ್ಲಿ ಬಂದು ಪದವಿ ಪಡೆದು ಹೋಗುತ್ತಾರೆ. ಅದು ದೊಡ್ಡ ಸೇವೆಯೇ. ಆದರೆ ನಿರ್ಧರಿಸುವ ಮೊದಲು ಮಂಡಳಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ.

ಒಂದು: ತಂಡ ಇಲ್ಲದಿದ್ದರೂ ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಗೆ ಬೇಕಾದದ್ದು ಇದೆಯೇ? ಇಲ್ಲವಾದರೆ ಮೊದಲು ಹಣ ಹೂಡಬೇಕಾದದ್ದು ಅಲ್ಲಿ.

ಎರಡು: ಐದು ವರ್ಷಗಳ ನಂತರ ನಿರೀಕ್ಷೆಯ ಅರ್ಧದಷ್ಟೇ ಹುಡುಗರು ಬಂದರೆ ಸಾಲ ತೀರಿಸಲು ಆಗುತ್ತದೆಯೇ?

ಮೂರು: ಆ ನೂರನೆಯ ಹುಡುಗನ ಗತಿ ಏನು? ಮೊದಲ 11 ಮಂದಿಯನ್ನು ಎಲ್ಲರೂ ಬಲ್ಲರು. ಒಂದು ಪಂದ್ಯವನ್ನೂ ಆಡದೆ ಬದಿಯಲ್ಲಿ ನಿಂತವನು, ಮೊಣಕಾಲು ಮುರಿದುಕೊಂಡವನು, ಗಣಿತದಲ್ಲಿ ಹಿಂದೆ ಬಿದ್ದವನು, ಅವನ ಹೆಸರು ಪ್ರಾಂಶುಪಾಲರಿಗೆ ಗೊತ್ತಿರುತ್ತದೆಯೇ? ಅವನಿಗೆ ಪಾಠ ಹೇಳಿಕೊಡುವವರು ಇದ್ದಾರೆಯೇ?

ಮೂರನೆಯ ಪ್ರಶ್ನೆಗೆ ಹೌದು ಎನ್ನಬಲ್ಲ ಕಾಲೇಜು ಧೈರ್ಯವಾಗಿ ಆರಂಭಿಸಲಿ. ಹಾಸ್ಟೆಲ್ ತುಂಬಿಸುವುದಷ್ಟೇ ಉದ್ದೇಶವಾದರೆ ಬೇಡ ಎನ್ನುವುದೇ ಲೇಸು. ಏಕೆಂದರೆ ಆಗ ಆ ಹುಡುಗರು ವಿದ್ಯಾರ್ಥಿಗಳಾಗಿ ಬರುವುದಿಲ್ಲ, ಸಂಸ್ಥೆಯ ಸಾಲಕ್ಕೆ ಜಾಮೀನಾಗಿ ಬರುತ್ತಾರೆ.

ನಮ್ಮ ಶಾಲಾ ಕಾಲೇಜುಗಳ ಆಡಳಿತ ಸಮಿತಿಗಳಲ್ಲಿ ಕುಳಿತಿರುವ ಓದುಗರಿಗೆ ಈ ಅಮೆರಿಕದ ಫುಟ್ಬಾಲಿನ ಗೊಡವೆ ಇಲ್ಲದಿರಬಹುದು. ಆದರೆ ಹೊಸ ಕೋರ್ಸ್, ಹೊಸ ಕಟ್ಟಡ, ಹೊಸ ಆಕರ್ಷಣೆಯ ಪ್ರಸ್ತಾಪ ಮೇಜಿನ ಮೇಲೆ ಬಂದ ದಿನ ಆ ನೂರನೆಯ ಹುಡುಗನನ್ನು ಒಮ್ಮೆ ನೆನೆಯುವುದು ಒಳ್ಳೆಯದು.