ಕಣ್ಣಿಗೆ ಕುಡುಕ, ಕಿವಿಗೆ ರತ್ನ

ನಗೆಪದ್ಯ ಓದೋದು ಬೇರೆ, ಕೇಳೋದೇ ಬೇರೆ. ಬಸ್ಸಿನ ಕಿಟಕಿ ಪಕ್ಕ ಕೂತು ಪುಸ್ತಕದಲ್ಲಿ ಓದಿದಾಗ ತುಟಿ ಕೂಡ ಅಲ್ಲಾಡಿಸದ ಪದ್ಯ, ಯಾರಾದರೂ ಬಾಯ್ಬಿಟ್ಟು ಹೇಳಿದರೆ ಹೊಟ್ಟೆ ಹಿಡಿದು ನಗಿಸುತ್ತೆ. ಕೆಲವಂತೂ ನಗಿಸಿದ ಮೇಲೆ ಗಂಟಲು ಕಟ್ಟಿಸುತ್ತವೆ.

ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ತೆಗೆದುಕೊಳ್ಳಿ. ರಾಜರತ್ನಂ ಕನ್ನಡ ಮೇಷ್ಟ್ರು, ಬೌದ್ಧ ಗ್ರಂಥಗಳನ್ನು ಓದಿಕೊಂಡ ಪಂಡಿತರು, ಮಕ್ಕಳ ಪದ್ಯಗಳಿಗೂ ಹೆಸರಾದವರು. 1978ರಲ್ಲಿ ದಿಲ್ಲಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಅಂಥವರು ಹೆಂಡದಂಗಡಿ ಮುಂದೆ ತೂರಾಡುವ ರತ್ನನ ಬಾಯಿಂದ ಪದ ಕಟ್ಟಿಸಿದರು. ರತ್ನನ ಬಾಯಲ್ಲಿ 'ಹ'ಕಾರ ನಿಲ್ಲೋದಿಲ್ಲ. ಹೆಂಡ ಎಂಡವಾಗುತ್ತೆ, ಹೆಂಡ್ತಿ ಎಂಡ್ತಿಯಾಗುತ್ತಾಳೆ. ಅಚ್ಚಿನಲ್ಲಿ ಇದನ್ನು ನೋಡಿದ ಕಣ್ಣು ಎಡವುತ್ತೆ, ಕಾಗುಣಿತ ತಪ್ಪೇನೋ ಅನ್ನಿಸುತ್ತೆ. ಕಿವಿಗೆ ಆ ಕಷ್ಟವೇ ಇಲ್ಲ. ಗಿರಾಕಿ ಬಂದು "ಅಕ್ಕಿ ಆರೋಯ್ತಾ?" ಅಂದರೆ, ಹಾರಿದ್ದು ಹಕ್ಕಿಯೋ ಅಕ್ಕಿಯ ರೇಟೋ ಅಂತ ನೋಡೋಕೆ ಯಾವ ಅಂಗಡಿಯವರೂ ನಿಘಂಟು ತೆಗೆಯೋದಿಲ್ಲ, ಅಲ್ಲವೇ?

ಅದರಲ್ಲಿ 'ಕನ್ನಡ್ ಪದಗೊಳ್' ಅಂತ ಒಂದಿದೆ. ರತ್ನನಿಗೆ ಪ್ರಾಣದಂಥವು ಮೂರು: ಹೆಂಡ, ಹೆಂಡತಿ, ಕನ್ನಡ ಪದ. ದೇವರೇ ಎದುರು ಬಂದು ಹೆಂಡ ಬಿಡು ಅಂದರೂ ಬಿಡ್ತಾನೆ, ಹೆಂಡತಿ ಬಿಡು ಅಂದರೂ ಬಿಡ್ತಾನೆ. ಕನ್ನಡ ಬಿಡು ಅಂದರೆ ಮಾತ್ರ ದೇವರ ಮುಖವನ್ನೂ ನೋಡೋದಿಲ್ಲ. ಪುಸ್ತಕದಲ್ಲಿ ಓದುವವನ ಕಣ್ಣು ಈ ಮೂರನೇದರ ಮೇಲೆ ಮೊದಲೇ ಬಿದ್ದಿರುತ್ತೆ. ಕೇಳುವವನಿಗೆ ಅದು ಗೊತ್ತಾಗೋದೇ ಇಲ್ಲ, ಹೇಳುವವನು ತಡೆದು ತಡೆದು ಬಿಡಬೇಕು. ಹೆಂಡತಿ ಬಿಡುವ ಜಾಗಕ್ಕೆ ಗಂಡಸರ ನಗು ಛಾವಣಿ ಹಾರಿಸುತ್ತೆ (ಹೆಂಗಸರು ಸೆರಗಿನಲ್ಲಿ ಬೇರೆ ಕಾರಣಕ್ಕೆ ನಗ್ತಾರೆ). ಆ ನಗು ಇಳಿಯುವ ಹೊತ್ತಿಗೆ ಮೂರನೇದು ಬಂದು ಎದೆಗೆ ಬೀಳುತ್ತೆ.

ಈ ಪದವನ್ನು ನಾನು ನಮ್ಮೂರಲ್ಲಿ ಇಬ್ಬರ ಬಾಯಲ್ಲಿ ಕೇಳಿದೆ. ಒಬ್ಬರು ಅಧ್ಯಾಪಕರು. ಕೈಯಲ್ಲಿ ಖಾಲಿ ಸೀಸೆ, ಜಾರಿದ ಪಂಚೆ, ಸಾಲಿಗೊಂದು ತೇಗು. ಸಭೆ ಬಿದ್ದೂ ಬಿದ್ದೂ ನಕ್ಕಿತು. ಹಿಂದೆ ಬಾಗಿಲ ಹತ್ತಿರ ಮಂಡಿಯ ಹಮಾಲಿಗಳು ನಾಲ್ಕು ಜನ ನಿಂತಿದ್ದರು, ಅವರು ನಗಲಿಲ್ಲ. ನಗೋದು ಹೇಗೆ? ಆ ಮಾತು ಅವರ ಮನೆ ಮಾತು. ವೇದಿಕೆ ಮೇಲೆ ತೂರಾಡ್ತಿದ್ದದ್ದು ಅವರೇ.

ಇನ್ನೊಬ್ಬರು ರಿಟೈರಾದ ಪ್ರೈಮರಿ ಶಾಲೆ ಮೇಷ್ಟ್ರು. ಸೀಸೆ ಇಲ್ಲ, ತೇಗಿಲ್ಲ. ಕೈ ಕಟ್ಟಿ ನಿಂತು, ರತ್ನ ಏನು ಹೇಳಿದನೋ ಅಷ್ಟನ್ನೇ ಅವನ ಉಚ್ಚಾರದಲ್ಲೇ ಹೇಳಿದರು. ಆಗಲೂ ನಗು ಬಂತು, ಆದರೆ ಈ ಸಲ ಬಾಗಿಲ ಕಡೆಯಿಂದ ಮೊದಲು ಬಂತು. "ನಮ್ಮ ಅಟ್ಟೀಲಿ ಇಂಗೇ ಒಬ್ಬ ಅವ್ನೆ ಬುದ್ಧಿ, ಕುಡುದ್ರೆ ಇಂಗೇ ಮಾತಾಡ್ತಾನೆ" ಅಂದ ಒಬ್ಬ ಹಮಾಲಿ, ಆಮೇಲೆ ನನ್ನ ಹತ್ತಿರ. ಅವನ ಕಣ್ಣು ಒದ್ದೆಯಾಗಿತ್ತು. ಪದ್ಯ ಅದೇ, ಒಂದಕ್ಷರ ಬದಲಿಲ್ಲ. ಮೊದಲ ಸಲ ರತ್ನನನ್ನು ನೋಡಿ ನಕ್ಕೆವು, ಎರಡನೇ ಸಲ ರತ್ನನ ಜೊತೆಗೆ ನಕ್ಕೆವು.

ಹಾಡಿದರಂತೂ ಇನ್ನೊಂದೇ ಬಣ್ಣ. ಮೈಸೂರು ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿ ಈ ಪದಗಳನ್ನು ಹಾಡಿಯೇ ಹೆಸರಾದವರು. 2009ರಲ್ಲಿ, ನಲವತ್ತೂ ತುಂಬದೆ ತೀರಿಹೋದರು. ಹಾಡಿಗೆ ರಾಗ ಬಂತೆಂದರೆ ನಗು ಹಿಂದೆ ಸರಿಯುತ್ತೆ, ದುಃಖ ಮುಂದೆ ಬರುತ್ತೆ. ಅದು ಲಾಭವೋ ನಷ್ಟವೋ? ನನ್ನ ಕೇಳಿದರೆ, ಬರೀ ಬಾಯಿಮಾತಲ್ಲಿ ಹೇಳೋದೇ ಮೇಲು. ನಗುವಿಗೂ ಜಾಗ ಇರುತ್ತೆ.

ನವೆಂಬರ್ ಒಂದರಂದು ಬೇಕಾದರೆ ಕೇಳಿ. ಇದೇ 'ಕನ್ನಡ್ ಪದಗೊಳ್' ಮೈಕಿನಲ್ಲಿ ರಣಕಹಳೆಯಾಗಿರುತ್ತೆ. ಕುಡುಕನೂ ಇಲ್ಲ, ನಗೆಯೂ ಇಲ್ಲ, ಬರೀ ಚಪ್ಪಾಳೆ. ಮರುದಿನ ಅದೇ ಭಾಷೆಯವನು ಆಫೀಸಿನ ಕೌಂಟರಿನಲ್ಲಿ "ಅರ್ಜಿ ಆಕ್ಬೇಕಿತ್ತು ಸ್ವಾಮಿ" ಅಂದರೆ, ಒಳಗಡೆಯವರು ಮುಖ ಮುಖ ನೋಡಿಕೊಂಡು ನಗ್ತಾರೆ.

ಪುಸ್ತಕ ಸಿಕ್ಕರೆ ಬಿಡಬೇಡಿ. ರಾತ್ರಿ ಅಂಗಡಿ ಷಟರ್ ಎಳೆದ ಮೇಲೆ, ಕೆಲಸದ ಹುಡುಗನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಯಾವ ಜಾಗಕ್ಕೆ ಅವನು ನಗ್ತಾನೆ, ಯಾವ ಜಾಗಕ್ಕೆ ಸುಮ್ಮನಾಗ್ತಾನೆ, ಅದನ್ನ ಸ್ವಲ್ಪ ನೋಡಿ.