ಆರು ಸೀರೆಯೋ, ಆರು ಗಜದ ಸೀರೆಯೋ?

ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು, ಇಲ್ಲವೇ ಕೃತಕ ರೇಷ್ಮೆಯದು. ಒಡಲಿನ ಹಾಸಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಅದೇ ಸೀರೆ ಆನ್‌ಲೈನ್ ಮಾರಾಟಕ್ಕೆ ಹೊರಟರೆ ಇನ್ನೊಂದು ಕೊಂಡಿ ಬೇಕು: ಇಳಕಲ್ಲಿನ ಅಂಗಡಿಯ ಸಾಫ್ಟ್‌ವೇರಿಗೂ ಬೆಂಗಳೂರಿನ ಗಿರಾಕಿಯ ಆ್ಯಪಿಗೂ ನಡುವೆ. ಅದೇ ಎಪಿಐ.

ಏನು ಕೇಳಬಹುದು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನೆಲ್ಲ ಒಂದು ಕಡತದಲ್ಲಿ ಬರೆದಿಡುತ್ತಾರೆ. 2011ರಲ್ಲಿ ಸ್ವ್ಯಾಗರ್ ಎಂಬ ಹೆಸರಿನಲ್ಲಿ ಶುರುವಾದ ಈ ಬರವಣಿಗೆಯ ಪದ್ಧತಿ, 2015ರ ಕೊನೆಗೆ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದು ಓಪನ್‌ಎಪಿಐ ಆಯಿತು. ಕೊಳ್ಳುವವರ, ಮಾರುವವರ ಆ್ಯಪ್‌ಗಳು ಪರಸ್ಪರ ಮಾತಾಡಿಕೊಳ್ಳಲೆಂದು ನಂದನ್ ನಿಲೇಕಣಿ, ಪ್ರಮೋದ್ ವರ್ಮ, ಸುಜಿತ್ ನಾಯರ್ ರೂಪಿಸಿದ ಬೆಕ್ನ್ ನಿಯಮಾವಳಿ ಇಂಥ ಕಡತಗಳಲ್ಲೇ ಇದೆ, ಯಾರು ಬೇಕಾದರೂ ತೆರೆದು ನೋಡಬಹುದು. ಕೇಂದ್ರ ಸರ್ಕಾರದ ಬೆಂಬಲದ ಒಎನ್‌ಡಿಸಿ ಮಾರಾಟ ಜಾಲ ನಿಂತಿರುವುದು ಇದರ ಮೇಲೆ. ಸರ್ಚ್, ಸೆಲೆಕ್ಟ್, ಇನಿಟ್, ಕನ್‌ಫರ್ಮ್: ಸೀರೆ ಹುಡುಕುವುದರಿಂದ ಆರ್ಡರ್ ಖಾತ್ರಿಯಾಗುವವರೆಗೆ ಈ ನಾಲ್ಕು ಹಂತ.

ಕಡತ ಯಂತ್ರಕ್ಕೆ ಸಲೀಸು, ಮನುಷ್ಯರಿಗೆ ಕಷ್ಟ. ಸಾವಿರಾರು ಸಾಲು, ಒಂದರೊಳಗೊಂದು. ಸ್ವ್ಯಾಗರ್ ಯುಐ, ರೆಡಾಕ್‌ನಂಥ ಉಚಿತ ಸಲಕರಣೆಗಳು ಅದನ್ನೇ ಓದುವ ಪುಟವಾಗಿಸುತ್ತವೆ. ರೆಡಾಕ್‌ನಲ್ಲಿ ಎಡಕ್ಕೆ ಪರಿವಿಡಿ, ನಡುವೆ ವಿವರ, ಬಲಕ್ಕೆ ಮಾದರಿ. ಸ್ವ್ಯಾಗರ್ ಯುಐನಲ್ಲಾದರೆ ಅಲ್ಲೇ ಗುಂಡಿ ಒತ್ತಿ ಪರೀಕ್ಷಿಸಿ ನೋಡಬಹುದು.

ಆದರೆ ಕಡತದಲ್ಲಿ ಇಲ್ಲದ್ದನ್ನು ಸಲಕರಣೆ ತಾನಾಗಿ ಹುಟ್ಟಿಸುವುದಿಲ್ಲ. ಪ್ರತಿ ಅಂಶಕ್ಕೂ ‘ಡಿಸ್ಕ್ರಿಪ್ಷನ್’ ಎಂಬ ಜಾಗ ಇರುತ್ತದೆ. ಅವಸರದಲ್ಲಿ ಖಾಲಿ ಬಿಡುವುದು ಅದನ್ನೇ. ಆಗ ಪುಟದಲ್ಲಿ ಕಾಣುವುದು ‘ಕ್ವಾಂಟಿಟಿ, ಪೂರ್ಣಾಂಕ’ ಎಂಬಷ್ಟೇ. ಅಂಗಡಿಯವರು ಆರು ಗಜ ಎಂದು 6 ತುಂಬಿದರೆ, ಆ ಕಡೆಯ ಆ್ಯಪ್ ಅದನ್ನು ಆರು ಸೀರೆ ಎಂದು ಓದೀತು. ಇಳಕಲ್ ಸೀರೆ ಆರು, ಎಂಟು, ಒಂಬತ್ತು ಗಜದಲ್ಲಿ ಬರುತ್ತದೆ. ಹಾಗಾಗಿ ಇದು ಸಣ್ಣ ಗೊಂದಲವಲ್ಲ. ಬಾದಾಮಿಯ ಲಾಡ್ಜಿನ ಬುಕಿಂಗ್‌ನಲ್ಲೂ ಅಷ್ಟೆ: 2 ಎಂದರೆ ಕೋಣೆಯೋ, ರಾತ್ರಿಯೋ, ಜನವೋ? ಬೆಕ್ನ್ ಎಣಿಕೆಗೆ ಕೌಂಟ್, ಅಳತೆಗೆ ಮೆಷರ್ ಎಂದು ಬೇರೆ ಬೇರೆ ಇಟ್ಟಿರುವುದು ಜಾಣತನ. ಆ ವ್ಯತ್ಯಾಸ ಓದುಗರಿಗೆ ತಲುಪಬೇಕಾದರೆ ಯಾರಾದರೂ ಹೀಗೆ ಬರೆಯಬೇಕು: ‘ಎಷ್ಟು ಸೀರೆ ಎಂಬ ಸಂಖ್ಯೆ ಮಾತ್ರ. ಉದ್ದವನ್ನು ಇಲ್ಲಿ ಹಾಕಬೇಡಿ, ಅದಕ್ಕೆ ಮೆಷರ್ ಇದೆ.’

ಈ ವಿವರಣೆ ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವಿಲ್ಲ. ಕನ್ನಡದಲ್ಲಿ ಬರೆದರೂ ಪುಟ ಅಚ್ಚುಕಟ್ಟಾಗಿ ಮೂಡುತ್ತದೆ. ಅಂಶಗಳ ಹೆಸರನ್ನು ಮಾತ್ರ ಮುಟ್ಟಬಾರದು, ಯಂತ್ರ ಗುರುತಿಸುವುದು ಅವನ್ನೇ. ತೋಪುತೆನೆ, ಹಣಿಗೆ, ಕೋಟಿಕಮ್ಮಲಿ, ರಂಪ ಎಂಬ ಸೆರಗಿನ ಮಾದರಿಗಳನ್ನು ಯಾವ ಜಾಗದಲ್ಲಿ ದಾಖಲಿಸಬೇಕೆಂದು ಹೇಳಬೇಕಾದವರು ಈ ನೆಲದವರೇ. ದೂರದ ಪ್ರೋಗ್ರಾಮರ್‌ಗೆ ಅದು ತಿಳಿಯುವುದೆಂತು?

ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಹುನಗುಂದ, ಇಳಕಲ್ಲಿನಿಂದ ಓದಲು ಬರುವ ಮಕ್ಕಳೇ, ಮುಂದಿನ ಪ್ರಾಜೆಕ್ಟಿಗೆ ಇದನ್ನು ಎತ್ತಿಕೊಳ್ಳಿ. ಇಡೀ ಬೆಕ್ನ್ ಕಡತ ಬೇಡ, ಸರ್ಚ್‌ನಿಂದ ಕನ್‌ಫರ್ಮ್‌ವರೆಗಿನ ಆ ನಾಲ್ಕು ಹಂತಗಳಿಗೆ ಕನ್ನಡ ವಿವರಣೆ ಬರೆಯಿರಿ. ಪುಟ ತಯಾರಾದ ಮೇಲೆ ಮಾರ್ಗದರ್ಶಕರಿಗಿಂತ ಮೊದಲು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವವರಿಗೆ ತೋರಿಸಿ, ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ತಿದ್ದಿ.